ಕುಲಾಯಿಯಿಂದ ಕುಲಾವಿಗೆ: ರೊದ್ದಂ ಸುತ್ತಿನ ಬಟ್ಟೆ ಮತ್ತು ಫ್ಯಾಷನ್ ನಗರದ ಪ್ರಶ್ನೆ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಕುಲಾವಿ ಎಂದರೆ ಎಳೆಗೂಸಿನ ತಲೆಗೆ ಹಾಕಿ ಗದ್ದದ ಕೆಳಗೆ ದಾರ ಕಟ್ಟುವ ಮೆತ್ತನೆಯ ಟೋಪಿ. ಬಾಣಂತಿ ಕೋಣೆಯ ಈ ಪದ ಒಂದು ಕಾಲಕ್ಕೆ ಅರಮನೆಯದಾಗಿತ್ತು. ಪಾರಸಿಯ 'ಕುಲಾಹ್' ಕನ್ನಡ ತೆಲುಗುಗಳಲ್ಲಿ ಕುಲಾಯಿ, ಕುಲ್ಲಾಯಿ, ಕುಲಾವಿ ಎಂದು ಬಳಕೆಗೆ ಬಂತು. 1535ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅಚ್ಯುತದೇವರಾಯನ ಉಡುಪಿನ ಬಗ್ಗೆ ಬರೆಯುವಾಗ ಈ ಟೋಪಿಯನ್ನು ದೇಶೀ ಹೆಸರಿನಿಂದಲೇ ಗುರುತಿಸಿದ್ದಾನೆ. ಜರತಾರಿಯ ಟೋಪಿ, ಒಂದೊಂದಕ್ಕೆ ಸುಮಾರು 20 ಕ್ರೂಜಾಡೊ ಬೆಲೆ. ಚಿನ್ನದ ಕೆಲಸದ ರೇಷ್ಮೆ ಬಟ್ಟೆಗಳು ಒಂದೊಂದೂ 10 ಪರ್ದಾವ್. ಒಮ್ಮೆ ಮೈಮೇಲೆ ಹಾಕಿದ್ದನ್ನು ರಾಯ ಮತ್ತೆ ಹಾಕುತ್ತಿರಲಿಲ್ಲವಂತೆ. ಕಳಚಿದ ಬಟ್ಟೆಯನ್ನು ಅದಕ್ಕೆಂದೇ ಇದ್ದ ಅಧಿಕಾರಿಗಳಿಗೆ ಒಪ್ಪಿಸುತ್ತಿದ್ದರು.

ಅದೇ ರಾಯನ ಕಾಲದಲ್ಲಿ, ಪೆನುಕೊಂಡ ಸೀಮೆಯ ಅಧಿಕಾರಿಯಾಗಿದ್ದ ವಿರೂಪಣ್ಣ ಮತ್ತು ಅವನ ತಮ್ಮ ವೀರಣ್ಣ ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ಕಟ್ಟಿಸಿದರು. ಅಲ್ಲಿನ ಚಾವಣಿಯ ಚಿತ್ರದಲ್ಲಿ ಅಣ್ಣತಮ್ಮಂದಿರು ತಮ್ಮ ಪರಿವಾರದೊಡನೆ ನಿಂತಿದ್ದಾರೆ. ತಲೆಯ ಮೇಲೆ ಎತ್ತರದ, ಮೇಲಕ್ಕೆ ಹೋದಂತೆ ಕಿರಿದಾಗುವ ಕುಲಾಯಿಗಳು. ನೂನಿಜ್ ಬೆಲೆ ಬರೆದ ಟೋಪಿ ಹೇಗಿತ್ತೆಂದು ತಿಳಿಯಲು ಬೇರೆಲ್ಲೂ ಹುಡುಕಬೇಕಾಗಿಲ್ಲ. ಬರಹ ಒಬ್ಬ ಪರದೇಶಿಯದು, ಚಿತ್ರ ಊರಿನ ಕಲಾವಿದರದು. ಎರಡೂ ಒಂದೇ ಆಳ್ವಿಕೆಯವು. ಹದಿನಾರನೆಯ ಶತಮಾನದ ಉಡುಪಿಗೆ ಇಷ್ಟು ಒಳ್ಳೆಯ ಜೋಡಿ ಸಾಕ್ಷ್ಯ ದಕ್ಷಿಣ ಭಾರತದಲ್ಲಿ ಅಪರೂಪ.

ಪ್ಯಾರಿಸ್, ಮಿಲಾನ್, ನ್ಯೂಯಾರ್ಕ್, ಲಂಡನ್ ಎಂಬ ನಾಲ್ಕು ಊರುಗಳು ಜಗತ್ತಿನ ಫ್ಯಾಷನ್ ರಾಜಧಾನಿಗಳಾದದ್ದು ಹೇಗೆ ಎಂಬುದರ ಮೇಲೆ ಸಾಕಷ್ಟು ಅಧ್ಯಯನ ನಡೆದಿದೆ. ಅದೇ ಪ್ರಶ್ನೆಯನ್ನು ಪೆನ್ನಾ ನದಿಯ ದಡದ ರೊದ್ದಂನಲ್ಲಿ ನಿಂತು ಕೇಳಬೇಕೆಂಬುದು ಈ ಟಿಪ್ಪಣಿಯ ಉದ್ದೇಶ. ಶಾಸನಗಳಲ್ಲಿ 'ರೊದ್ದ 300' ಎಂದು ಬರುವ ಹಳೆಯ ನಾಡು ಇದು. ದಕ್ಷಿಣಕ್ಕೆ ಹಿಂದೂಪುರ ಮತ್ತು ಲೇಪಾಕ್ಷಿ, ಪೂರ್ವಕ್ಕೆ ಪೆನುಕೊಂಡ, ಅದರಾಚೆ ಧರ್ಮಾವರ. ವಾಯವ್ಯಕ್ಕೆ ಕಲ್ಯಾಣದುರ್ಗ, ರಾಯದುರ್ಗ, ಮುಂದೆ ಬಳ್ಳಾರಿ. 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಇವೆಲ್ಲ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, ಉಳಿದದ್ದು ಆಂಧ್ರಕ್ಕೆ. 2022ರ ಏಪ್ರಿಲ್‌ನಿಂದ ರೊದ್ದಂ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರದಲ್ಲಿದೆ. ಗೆರೆಗಳು ಎಷ್ಟು ಸಲ ಬದಲಾದರೂ ನೂಲಿನ ದಾರಿ, ಬಟ್ಟೆಯ ದಾರಿ ಅವನ್ನು ದಾಟಿಕೊಂಡೇ ನಡೆದಿದೆ.

ಕನ್ನಡದಲ್ಲಿ 'ಉಡುಗೆ ತೊಡುಗೆ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಎರಡು ಪದಕ್ಕೂ ಅರ್ಥ ಬೇರೆ. ಸೀರೆ, ಪಂಚೆ ಉಡುವಂಥವು: ಮಗ್ಗದಿಂದ ಇಳಿದ ಹಾಗೆಯೇ, ಕತ್ತರಿ ತಾಗದೆ, ಮೈಗೆ ಸುತ್ತುವಂಥವು. ಅಂಗಿ, ಕುಪ್ಪಸ, ಕಬಾಯಿ ತೊಡುವಂಥವು: ಕತ್ತರಿಸಿ ಹೊಲಿದವು. ಫ್ಯಾಷನ್ ಎಂದು ಜಗತ್ತು ಇಂದು ಕರೆಯುವುದು ಬಹುಪಾಲು ತೊಡುಗೆಯ ಚರಿತ್ರೆ. ತೋಳು ಉದ್ದವಾಯಿತು, ಸೊಂಟ ಮೇಲೇರಿತು, ಕಾಲರು ಅಗಲವಾಯಿತು ಎಂದು ವರ್ಷವರ್ಷ ಬದಲಾಯಿಸಲು ಕತ್ತರಿ ಬೇಕು. ಉಡುಗೆಯಲ್ಲಿ ಬದಲಾವಣೆ ನಡೆಯುವ ಜಾಗ ಬೇರೆ: ಅಂಚಿನ ಅಗಲ, ಸೆರಗಿನ ತುಂಬು, ಒಡಲಿನ ಬಣ್ಣ, ನೆರಿಗೆ ಹಿಡಿಯುವ ರೀತಿ. ದೂರದಿಂದ ನೋಡಿದವನಿಗೆ ಅದು ಐನೂರು ವರ್ಷದಿಂದ ಒಂದೇ ಥರ ಕಾಣಬಹುದು. ಹತ್ತಿರದಿಂದ ನೋಡಿದ ಹೆಂಗಸರಿಗೆ ಅತ್ತೆಯ ಕಾಲದ ಅಂಚು ಯಾವುದು, ತಮ್ಮ ಕಾಲದ್ದು ಯಾವುದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಸರಿಪಡಿಸಬೇಕು. ಹೊಲಿದ ಬಟ್ಟೆ ಸುಲ್ತಾನರ ಜೊತೆ ಬಂತು, ಅದಕ್ಕೂ ಮುಂಚೆ ನಮ್ಮವರು ಬರೀ ಸುತ್ತಿಕೊಳ್ಳುತ್ತಿದ್ದರು ಎಂದು ಹೇಳುವವರುಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದಾನೆ; ಸೂಜಿಯೇ ಕಾಯಕವಾದವನಿಗೆ ಹೊಲಿಯಲು ಬಟ್ಟೆಯೂ ಹೊಲಿಸುವವರೂ ಇದ್ದಿರಲೇಬೇಕು. ಕುಪ್ಪಸ ಎಂಬ ಪದವೇ ಸಂಸ್ಕೃತದ ಕೂರ್ಪಾಸದಿಂದ ಬಂದದ್ದು. ವಿಜಯನಗರದಲ್ಲಿ ಹೊಸದಾಗಿ ಬಂದದ್ದು ಆಸ್ಥಾನದ ವೇಷ. ಇತಿಹಾಸಕಾರ ಫಿಲಿಪ್ ವ್ಯಾಗನರ್ 1996ರ ತಮ್ಮ ಲೇಖನದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ: ಕಬಾಯಿ ಎಂಬ ನಿಲುವಂಗಿ ಮತ್ತು ಕುಲ್ಲಾಯಿ ತೊಟ್ಟು ದರ್ಬಾರಿಗೆ ಬರುವುದೆಂದರೆ, ಅಂದಿನ ದೊಡ್ಡ ಆಸ್ಥಾನಗಳ ಸಮಾನ ಭಾಷೆಯಲ್ಲಿ ಮಾತನಾಡಿದಂತೆ. ತೆಲುಗು ಕವಿ ಶ್ರೀನಾಥನ ಹೆಸರಿನಲ್ಲಿ ಉಳಿದಿರುವ ಚಾಟು ಪದ್ಯವೊಂದರಲ್ಲಿ, ವಿಜಯನಗರಕ್ಕೆ ಬಂದ ಕವಿ ತಾನು ಕುಲ್ಲಾಯಿ ಇಟ್ಟದ್ದನ್ನೂ ದೊಡ್ಡ ಕೂರ್ಪಾಸ ತೊಟ್ಟದ್ದನ್ನೂ ಕನ್ನಡ ರಾಜ್ಯಲಕ್ಷ್ಮಿಗೆ ಒಪ್ಪಿಸಿ, ಇನ್ನಾದರೂ ದಯೆ ತೋರೆಂದು ಬೇಡುತ್ತಾನೆ. ಕವಿಗೆ ಕಷ್ಟವಾಗಿದ್ದಿರಬಹುದು, ಸಂಶೋಧಕನಿಗೆ ಆ ಪದ್ಯ ಸಿಕ್ಕಿದ್ದು ಭಾಗ್ಯ. ರಾಜಧಾನಿಗೆ ಬರುವವನು ರಾಜಧಾನಿಯ ಉಡುಪು ತೊಡಬೇಕೆಂಬ ಒತ್ತಡ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹೊರಗಿನಿಂದ ಬಂದವರ ಮೈಮೇಲೆ ತನ್ನ ವೇಷ ಹಾಕಿಸುವ ಶಕ್ತಿ ಒಂದು ಊರಿಗೆ ಬಂದರೆ, ಅದು ಫ್ಯಾಷನ್ ನಗರವಾಗುವ ಮೊದಲ ಮೆಟ್ಟಿಲು ಹತ್ತಿದಂತೆಯೇ.

ಎರಡನೆಯ ಮೆಟ್ಟಿಲು ಋತುವಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ವಸ್ತ್ರದ ಭೋಗಕ್ಕೇ ಒಂದು ಭಾಗವಿದೆ. ಯಾವ ಋತುವಿಗೆ ಎಂಥ ಬಟ್ಟೆ, ಯಾವ ಬಣ್ಣ ಎಂದು ಅಲ್ಲಿ ಹೇಳಿದೆ. ಬಟ್ಟೆಗಳನ್ನು ಊರು ದೇಶಗಳ ಹೆಸರಿನಿಂದ ಪಟ್ಟಿ ಮಾಡಿದೆ: ಕಳಿಂಗ, ವಂಗ, ಸಿಂಹಳ, ನಾಗಪಟ್ಟಣ, ಮಹಾಚೀನ. ಹನ್ನೆರಡನೆಯ ಶತಮಾನದ ಕನ್ನಡ ಆಸ್ಥಾನಕ್ಕೆ ಬಟ್ಟೆಯನ್ನು ಅದರ ಊರಿನಿಂದ ಗುರುತಿಸುವ ಅಭ್ಯಾಸವಿತ್ತು ಎಂಬುದನ್ನು ನೆನಪಿನಲ್ಲಿಡೋಣ. ಇದೇ ಅಭ್ಯಾಸ ಇಂದಿಗೂ ನಮ್ಮ ಬಾಯಲ್ಲಿದೆ. ಇಳಕಲ್, ಮೊಳಕಾಲ್ಮೂರು, ಧರ್ಮಾವರ, ಕಂಚಿ: ಸೀರೆಗೆ ಊರೇ ಹೆಸರು.

ಪ್ಯಾರಿಸ್ ಈ ಎರಡು ಮೆಟ್ಟಿಲಿನ ಮೇಲೆ ಮೂರನೆಯದನ್ನು ಕಟ್ಟಿತು. ಹದಿನಾಲ್ಕನೆಯ ಲೂಯಿಯ ಮಂತ್ರಿ ಕೊಲ್ಬೇರ್ 1660ರ ದಶಕದಿಂದ ಲಿಯೋನ್ ಪಟ್ಟಣದ ರೇಷ್ಮೆ ನೇಕಾರಿಕೆಗೆ ಆಸರೆ ಕೊಟ್ಟು, ಕಟ್ಟುಪಾಡು ವಿಧಿಸಿ, ಹೊರದೇಶದ ಬಟ್ಟೆಗೆ ತಡೆ ಹಾಕಿದ. ಅರಮನೆ ಉಟ್ಟಿತು, ಲಿಯೋನ್ ನೇಯ್ದಿತು. ಇಷ್ಟೇ ಆಗಿದ್ದರೆ ವಿಜಯನಗರಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ. 1672ರಲ್ಲಿ ಶುರುವಾದ 'ಮೆರ್ಕ್ಯೂರ್ ಗಲಾಂ' ಎಂಬ ಪತ್ರಿಕೆ ಆಸ್ಥಾನದಲ್ಲಿ ಈ ಋತುವಿನಲ್ಲಿ ಏನು ನಡೆಯುತ್ತಿದೆ ಎಂದು ಅಚ್ಚು ಹಾಕಿ ದೂರದ ಊರುಗಳಿಗೆ ಕಳಿಸಿತು. ಕೆಲ ವರ್ಷಗಳಲ್ಲೇ ಚಿತ್ರಗಳನ್ನೂ ಸೇರಿಸಿತು. ಪ್ಯಾರಿಸ್ ನೋಡದವರಿಗೂ ಪ್ಯಾರಿಸ್‌ನ ಈ ವರ್ಷದ ಬಟ್ಟೆ ಗೊತ್ತಾಯಿತು, ತಮ್ಮದು ಹೋದ ವರ್ಷದ್ದೆಂದೂ ಗೊತ್ತಾಯಿತು. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಇಂಗ್ಲಿಷ್ ದರ್ಜಿ 1858ರಲ್ಲಿ ಅಲ್ಲಿ ಅಂಗಡಿ ತೆರೆದು, ಗಿರಾಕಿ ಹೇಳಿದ್ದನ್ನು ಹೊಲಿಯುವ ಬದಲು ತಾನು ಹೊಲಿದದ್ದನ್ನು ಗಿರಾಕಿಗೆ ತೋರಿಸಿ, ತನ್ನ ಹೆಸರಿನ ಪಟ್ಟಿ ಹೊಲಿದು ಕೊಟ್ಟ. 1868ರಲ್ಲಿ ಆ ಕಸುಬಿನವರದೇ ಒಂದು ಮಂಡಳಿ ಹುಟ್ಟಿತು.

ಈ ಕಟ್ಟಡ ಎಷ್ಟು ಗಟ್ಟಿ ಎಂಬುದು ಯುದ್ಧದಲ್ಲಿ ಗೊತ್ತಾಯಿತು. 1940ರಲ್ಲಿ ಪ್ಯಾರಿಸ್ ಹಿಡಿದ ಜರ್ಮನರು ಅಲ್ಲಿನ ಫ್ಯಾಷನ್ ಮನೆಗಳನ್ನು ಬರ್ಲಿನ್ ಮತ್ತು ವಿಯೆನ್ನಾಕ್ಕೆ ಸಾಗಿಸಬೇಕೆಂದಿದ್ದರು. ಆ ಮಂಡಳಿಯ ಅಧ್ಯಕ್ಷ ಲೂಸಿಯೆನ್ ಲೆಲೊಂಗ್ ಒಪ್ಪಲಿಲ್ಲ. ಕಸೂತಿ ಹಾಕುವವರು, ಗುಂಡಿ ಮಾಡುವವರು, ಗರಿ ಜೋಡಿಸುವವರು, ಪಟ್ಟಿ ನೇಯುವವರು ಸಾವಿರಾರು ಚಿಕ್ಕ ಮನೆಗಳಲ್ಲಿ ಹರಡಿದ್ದಾರೆ, ಇವರನ್ನು ಕಿತ್ತು ಬೇರೆಡೆ ನೆಡಲಾಗದು ಎಂಬುದು ಅವನ ವಾದದ ಸಾರ. ಆ ವಾದ ಗೆದ್ದಿತು. ಅದೇ ಹೊತ್ತಿಗೆ ಪ್ಯಾರಿಸ್‌ನಿಂದ ಸುದ್ದಿ ಬರುವುದು ನಿಂತಿದ್ದರಿಂದ ನ್ಯೂಯಾರ್ಕ್‌ಗೆ ದಾರಿ ತೆರೆಯಿತು. ಅಲ್ಲಿ ಲಕ್ಷಗಟ್ಟಲೆ ಬಟ್ಟೆ ಹೊಲಿಯುವ ಕೈಗಳು ಎಷ್ಟೋ ಕಾಲದಿಂದ ಇದ್ದವು, ಹೊಲಿಗೆ ಪ್ಯಾರಿಸ್‌ನ ನಕಲಾಗಿತ್ತು. ಫ್ಯಾಷನ್ ಪ್ರಚಾರಕಿ ಎಲೀನರ್ ಲ್ಯಾಂಬರ್ಟ್ 1943ರಲ್ಲಿ ಪತ್ರಕರ್ತರನ್ನು ಕರೆಸಿ ಅಮೆರಿಕದ ವಿನ್ಯಾಸಕಾರರ ಬಟ್ಟೆಗಳನ್ನು ಒಂದು ವಾರ ತೋರಿಸಿದರು. ಇಟಲಿಯಲ್ಲಿ 1951ರಲ್ಲಿ ಜೊರ್ಜಿನಿ ಎಂಬ ವ್ಯಾಪಾರಿ ಫ್ಲಾರೆನ್ಸ್‌ನ ತಮ್ಮ ಮನೆಯಲ್ಲಿ ಅಮೆರಿಕದ ಕೊಳ್ಳುಗರಿಗಾಗಿ ಮೊದಲ ಪ್ರದರ್ಶನ ಏರ್ಪಡಿಸಿದರು. ಎರಡು ದಶಕ ಕಳೆಯುವಷ್ಟರಲ್ಲಿ ಕಾರ್ಖಾನೆ, ಪತ್ರಿಕೆ, ಹಣ ಮೂರೂ ಹತ್ತಿರವಿದ್ದ ಮಿಲಾನ್ ಆ ಪಟ್ಟವನ್ನು ತನ್ನದಾಗಿಸಿಕೊಂಡಿತು.

ನ್ಯೂಯಾರ್ಕ್‌ನ ಉದಾಹರಣೆ ನನ್ನ ವಾದಕ್ಕೆ ಮುಖ್ಯ. ಬಟ್ಟೆ ಮಾಡುವುದು ಒಂದು ಶಕ್ತಿ, ಆ ಬಟ್ಟೆಗೆ ಹೆಸರಿಡುವುದು ಇನ್ನೊಂದು. ಮೊದಲನೆಯದು ಇದ್ದ ಊರು ಲೆಕ್ಕವಿಲ್ಲದಷ್ಟು. ಎರಡನೆಯದು ಎಲ್ಲಿ ನೆಲೆಸಿತೋ ಅದನ್ನು ಜಗತ್ತು ಫ್ಯಾಷನ್ ನಗರವೆಂದು ಕರೆಯಿತು. ನಮ್ಮ ಸೀರೆಯಂಚಿನ ಮಾವಿನಕಾಯಿಯನ್ನೇ ನೋಡಿ. ಕಾಶ್ಮೀರದ ಶಾಲಿನಿಂದ ಅದನ್ನು ನಕಲು ಮಾಡಿದ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಹೆಸರನ್ನೇ ಅದು ಇಂಗ್ಲಿಷಿನಲ್ಲಿ ಹೊತ್ತಿದೆ. ಥಾಮಸ್ ಮನ್ರೋ, 1800ರಿಂದ ಏಳು ವರ್ಷ ದತ್ತ ಮಂಡಲದ ಕಲೆಕ್ಟರಾಗಿ ಅನಂತಪುರದ ಕಡೆಯೇ ಇದ್ದವನು, 1813ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಸಾಕ್ಷಿ ಹೇಳುವಾಗ, ತನ್ನ ಭಾರತದ ಶಾಲು ಏಳು ವರ್ಷ ಬಳಸಿದರೂ ಹೊಸದರಂತೆಯೇ ಇದೆ, ಯುರೋಪಿನ ಶಾಲನ್ನು ಬಿಟ್ಟಿ ಕೊಟ್ಟರೂ ತಾನು ಹೊದೆಯುವುದಿಲ್ಲ ಎಂದಿದ್ದ. ಬಾಳಿಕೆಯ ವಿಚಾರದಲ್ಲಿ ಅವನು ಹೇಳಿದ್ದು ನಿಜ. ಹೆಸರು ಮಾತ್ರ ಪೇಸ್ಲಿಗೆ ಹೋಯಿತು.

ಈಗ ಲೇಪಾಕ್ಷಿಗೆ ಮರಳೋಣ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್. ಚಾವಣಿಯನ್ನು ನಿಂತು ನೋಡಿದರೆ ಕತ್ತು ನೋಯುತ್ತದೆ. ನೆಲದ ಮೇಲೆ ಮಲಗಿ ಚಿಕ್ಕ ದುರ್ಬೀನು ಹಿಡಿದರೆ ಬಟ್ಟೆ ಕಾಣುತ್ತದೆ. ನನಗೆ ಮತ್ತೆ ಮತ್ತೆ ನೋಡಬೇಕೆನಿಸುವುದು ಸಾಲಾಗಿ ನಿಂತ ಹೆಂಗಸರ ಭಾಗ. ಮುಖಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು: ಪಕ್ಕಕ್ಕೆ ತಿರುಗಿದ ಮುಖ, ಅಗಲ ಕಣ್ಣು, ಒಂದು ಬದಿಗೆ ಕಟ್ಟಿದ ತುರುಬು. ಸೀರೆಗಳು ಹಾಗಲ್ಲ. ಒಬ್ಬಳದು ಗೆರೆ, ಪಕ್ಕದವಳದು ಚೌಕಳಿ, ಅದರ ಪಕ್ಕದ್ದು ಹೂವು ಚೆಲ್ಲಿದ ಒಡಲು. ಕಾವಿಗೆಂಪಿನ ಮೇಲೆ ಬಿಳಿ ಚುಕ್ಕಿ, ಬಿಳಿಯ ಮೇಲೆ ಕಪ್ಪು ಗೆರೆ. ಅಂಚು ಒಡಲಿಗೆ ಎದುರು ಬಣ್ಣದ್ದು. ನೆರಿಗೆಯ ತುದಿ ಬೀಸಣಿಗೆಯಂತೆ ಹೊರಚಾಚಿದೆ. ಕಲಾವಿದ ಮುಖದಲ್ಲಿ ಉಳಿಸಿಕೊಂಡ ಶ್ರಮವನ್ನೆಲ್ಲ ಬಟ್ಟೆಯಲ್ಲಿ ಸುರಿದಿದ್ದಾನೆ. ಅಕ್ಕಪಕ್ಕದ ಇಬ್ಬರು ಒಂದೇ ಸೀರೆ ಉಡಬಾರದು ಎಂಬ ಎಚ್ಚರ ಅವನಿಗಿತ್ತು. ಆ ಎಚ್ಚರ ಅವನು ಕಂಡ ಸಮಾಜದಿಂದ ಬಂದದ್ದೆಂದು ನಾನು ತಿಳಿಯುತ್ತೇನೆ.

ಈ ಚಿತ್ರಗಳನ್ನು ಸಾಕ್ಷ್ಯವಾಗಿ ಬಳಸುವಾಗ ಒಂದು ಮಿತಿ ಹಾಕಿಕೊಳ್ಳಬೇಕು. ಚಾವಣಿಯ ಮೇಲಿನ ಹೂವು ಮಗ್ಗದಲ್ಲಿ ನೇಯ್ದದ್ದೋ, ಅಚ್ಚು ಒತ್ತಿದ್ದೋ, ಮೇಣ ಹಾಕಿ ಬಣ್ಣ ಕಟ್ಟಿದ್ದೋ ಎಂದು ಬಣ್ಣದ ಗೆರೆ ಹೇಳಲಾರದು. ಗೆರೆ ಮತ್ತು ಚೌಕಳಿ ಮಗ್ಗದವೆಂದು ಹೇಳಲು ಹೆಚ್ಚು ಧೈರ್ಯ ಬೇಕಿಲ್ಲ, ಹೂವಿನ ವಿಷಯದಲ್ಲಿ ಬೇಕು. ಹಾಗೆಯೇ, ಧರ್ಮಾವರದ ಸೀರೆಯಂಚಿನ ವಿನ್ಯಾಸಗಳು ಲೇಪಾಕ್ಷಿಯಿಂದ ಒಂದೇ ಎಳೆಯಾಗಿ ಹರಿದುಬಂದವು ಎಂದು ಅಂಗಡಿಗಳಲ್ಲಿ ಹೇಳುವುದನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ಲತಾಮಂಟಪದ ಕಂಬಗಳ ಮೇಲೆ ಕೆತ್ತಿದ ಬಳ್ಳಿ, ಹಂಸ, ಸುತ್ತುಗಳನ್ನು ವಿನ್ಯಾಸಕಾರರು ನಮ್ಮ ಕಾಲದಲ್ಲಿ ಮತ್ತೆ ಮತ್ತೆ ಹೋಗಿ ನೋಡಿ, ಕಾಗದಕ್ಕೆ ಇಳಿಸಿಕೊಂಡು ಬಂದಿದ್ದಾರೆ. ಹೀಗೆ ಮತ್ತೆ ನೋಡುವುದಕ್ಕೂ ಬೆಲೆಯಿದೆ. ಪ್ಯಾರಿಸ್‌ನವರಿಗೆ ಹಳೆಯ ಪತ್ರಿಕೆಯ ಚಿತ್ರಗಳು ಮಾಡುವ ಕೆಲಸವನ್ನು ನಮ್ಮವರಿಗೆ ಕಂಬಗಳು ಮಾಡುತ್ತವೆ. ಒಂದೇ ವ್ಯತ್ಯಾಸ, ಪತ್ರಿಕೆ ಪ್ರತಿ ಋತುವಿಗೂ ಹೊಸದಾಗುತ್ತಿತ್ತು, ದೂರಕ್ಕೆ ಹೋಗುತ್ತಿತ್ತು. ಕಂಬ ಇದ್ದಲ್ಲೇ ಇತ್ತು.

1530ರ ದಶಕದಿಂದ ಆ ಶತಮಾನದ ಕೊನೆಯವರೆಗೆ ಈ ನಾಡಿನಲ್ಲಿ ಏನೇನಿತ್ತು ಎಂದು ಕೂಡಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಉಡುವವರಿದ್ದರು: ಪೆನುಕೊಂಡ ವಿಜಯನಗರದ ದೊಡ್ಡ ಸೀಮೆಯ ಕೇಂದ್ರ, 1565ರ ಸೋಲಿನ ನಂತರ ತಿರುಮಲರಾಯ ಬಂದು ನೆಲೆಸಿದ ರಾಜಧಾನಿ. ಬಿಡಿಸುವವರಿದ್ದರು: ಲೇಪಾಕ್ಷಿ. ವೇಷದ ಕಟ್ಟುಪಾಡು ಇತ್ತು, ಅದಕ್ಕೆ ಪದಗಳಿದ್ದವು. ಆದರೆ ಆಸ್ಥಾನ ಒಂದೆಡೆ ನಿಲ್ಲಲಿಲ್ಲ. ಮೂರು ದಶಕ ಕಳೆಯುವಷ್ಟರಲ್ಲಿ ಅದು ಚಂದ್ರಗಿರಿಗೆ ಹೋಯಿತು. ಲೇಪಾಕ್ಷಿಯ ಕಲ್ಯಾಣಮಂಟಪ ಅರ್ಧಕ್ಕೇ ನಿಂತಿದೆ, ಇಂದಿಗೂ ಚಾವಣಿಯಿಲ್ಲದೆ. ಲಿಯೋನ್ ನೇಕಾರರಿಗೆ ಒಂದೇ ಅರಮನೆ ನೂರು ವರ್ಷಕ್ಕೂ ಹೆಚ್ಚು ಕಾಲ ಗಿರಾಕಿಯಾಗಿತ್ತು. ಪೆನುಕೊಂಡಕ್ಕೆ ಸಿಕ್ಕಿದ್ದು ಒಂದು ತಲೆಮಾರಿನ ಕಾಲ. ಕುಲಾಯಿ ಅಧಿಕಾರಿಗಳ ತಲೆಯಿಂದ ಇಳಿದು ತೊಟ್ಟಿಲಿಗೆ ಬಂದದ್ದು ಇಂಥ ಕಾಲದಲ್ಲೇ ಇರಬೇಕೆಂಬುದು ನನ್ನ ಊಹೆ. ಆಸ್ಥಾನವಿಲ್ಲದ ಮೇಲೆ ಆಸ್ಥಾನದ ಟೋಪಿಯನ್ನು ದೊಡ್ಡವರು ಯಾರ ಮುಂದೆ ಇಟ್ಟುಕೊಳ್ಳಬೇಕು?

ಉಡುಗೆ ಉಳಿಯಿತು. ತೊಗಟ, ಪದ್ಮಶಾಲಿ, ದೇವಾಂಗ ಕುಟುಂಬಗಳು ಮಗ್ಗ ಬಿಡಲಿಲ್ಲ. ಧರ್ಮಾವರದ ರೇಷ್ಮೆ ಸೀರೆ ಎಂದರೆ ಅಗಲ ಅಂಚು, ಜರಿ ತುಂಬಿದ ಸೆರಗು, ಒಡಲಿಗೂ ಅಂಚಿಗೂ ಎದುರುಬದಿರು ಬಣ್ಣ. ಬಹಳ ಮಗ್ಗಗಳ ಮೇಲೆ ಜಕಾರ್ಡ್ ಪೆಟ್ಟಿಗೆ ಕೂತಿದೆ. 1804ರಲ್ಲಿ ಲಿಯೋನ್‌ನ ಜೋಸೆಫ್ ಮರೀ ಜಕಾರ್ ಮಾಡಿದ ಯಂತ್ರ ಅದು, ಪ್ಯಾರಿಸ್‌ನ ಅರಮನೆಗೆ ರೇಷ್ಮೆ ನೇಯ್ದ ಊರಿನದು. ತೂತು ಹೊಡೆದ ರಟ್ಟುಗಳನ್ನು ದಾರದಿಂದ ಪೋಣಿಸಿ ಮಾಲೆಯಾಗಿ ಇಳಿಬಿಟ್ಟಿರುತ್ತಾರೆ; ಕಾಲುಮಣೆ ಒತ್ತಿದಾಗಲೆಲ್ಲ ಒಂದು ರಟ್ಟು ತಿರುಗುತ್ತದೆ. ತೂತಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಕೂತಿರುತ್ತದೆ. ಹೀಗೆ ಒಂದೊಂದೇ ಎಳೆಯ ಲೆಕ್ಕದಲ್ಲಿ ಹಂಸಕ್ಕೆ ಕೊಕ್ಕು ಮೂಡುತ್ತದೆ. ಲಿಯೋನ್‌ನ ಮಗ್ಗ ಧರ್ಮಾವರಕ್ಕೆ ಬಂತು, ಪ್ಯಾರಿಸ್‌ನ ಪತ್ರಿಕೆ ಬರಲಿಲ್ಲ.

ಅದರ ಬದಲು ಬಂದದ್ದು ಕಾನೂನು. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆ ಕೈಮಗ್ಗಕ್ಕೆ ಮಾತ್ರ ಎಂದಿತು. ಆಮೇಲೆ ಭೌಗೋಳಿಕ ಸೂಚಕ ಬಂತು: ಮೈಸೂರು ರೇಷ್ಮೆ, ಮೊಳಕಾಲ್ಮೂರು, ಧರ್ಮಾವರ ಎಲ್ಲಕ್ಕೂ ಸಿಕ್ಕಿದೆ. ಇವು ಬೇಕು, ಪವರ್‌ಲೂಮಿನ ನಕಲಿನ ಮುಂದೆ ನೇಕಾರನಿಗೆ ಇರುವ ಗುರಾಣಿ ಇವೇ. ಆದರೂ ಒಂದು ಮಾತು ಹೇಳಲೇಬೇಕು. ಭೌಗೋಳಿಕ ಸೂಚಕ ಕಾಪಾಡುವುದು ಊರಿನ ಹೆಸರನ್ನು, ಬಟ್ಟೆ ಹೀಗೇ ಇರಬೇಕೆಂಬ ವಿವರಣೆಯೊಂದಿಗೆ. ಪ್ಯಾರಿಸ್ ಬದುಕುವುದು ಬಟ್ಟೆ ಮುಂದಿನ ಋತುವಿಗೆ ಹೀಗಿರುವುದಿಲ್ಲ ಎಂಬ ಭರವಸೆಯ ಮೇಲೆ. ಒಂದು ಊರಿನ ಹೆಸರು ಸ್ಥಿರತೆಗೆ ಅಂಟಿಕೊಂಡಿದೆ, ಇನ್ನೊಂದರದು ಬದಲಾವಣೆಗೆ. ಲೇಪಾಕ್ಷಿಯ ಸಾಲಿನಲ್ಲಿ ನಿಂತ ಹೆಂಗಸರು ಸ್ಥಿರತೆಯ ಕಡೆಯವರಲ್ಲ. ಇಂದು ನಾವು ಸಾಂಪ್ರದಾಯಿಕ ಎಂದು ಹೆಸರಿಟ್ಟು ಕಾಯುತ್ತಿರುವುದು ಅವರಿಗೆ ಆ ವರ್ಷದ ಹೊಸ ಸೀರೆಯಾಗಿತ್ತು.

ವಾಯವ್ಯದ ದಾರಿಯಲ್ಲಿ ಕಥೆ ತೊಡುಗೆಯದು. ಕಲ್ಯಾಣದುರ್ಗದ ಕಡೆ ಕುರುಬರ ಕಂಬಳಿಯ ಮಗ್ಗಗಳಿದ್ದವು; ಕಂಬಳಿಯನ್ನು ಉಡುವುದೂ ಇಲ್ಲ, ತೊಡುವುದೂ ಇಲ್ಲ, ಹೊದೆಯುವುದು. ಅದು ಬೇರೆಯೇ ಬರಹ ಬೇಡುತ್ತದೆ. ರಾಯದುರ್ಗ ದಾಟಿ ಬಳ್ಳಾರಿಗೆ ಹೋದರೆ ಜೀನ್ಸ್. ಬಳ್ಳಾರಿಯಲ್ಲಿ ದಂಡಿನ ನೆಲೆಯಿತ್ತು, ಮರಾಠಿ ಮಾತಿನ ದರ್ಜಿಗಳು ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದರು. ದಪ್ಪ ಖಾಕಿಗೆ ಪಳಗಿದ ಕೈ ಮುಂದೆ ದಪ್ಪ ಡೆನಿಮ್‌ಗೆ ಸುಲಭವಾಗಿ ತಿರುಗಿತು. ಕಟಿಂಗ್ ಮಾಸ್ಟರ್ ಪದರ ಪದರವಾಗಿ ಹಾಸಿ ಕತ್ತರಿಸುತ್ತಾನೆ. ಗಂಟುಗಳು ಮನೆಗಳಿಗೆ ಹೋಗುತ್ತವೆ, ಪೀಸ್ ಲೆಕ್ಕದಲ್ಲಿ ಹೊಲಿಗೆ. ಆಮೇಲೆ ಕಾಜಾ, ಗುಂಡಿ, ದಾರ ಕತ್ತರಿಸುವುದು, ವಾಷಿಂಗ್. ರಾಯದುರ್ಗದಲ್ಲೂ ಮನೆಮನೆಯಲ್ಲಿ ಇದೇ ಹೊಲಿಗೆ ಯಂತ್ರದ ಸದ್ದು. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಬಳ್ಳಾರಿಯನ್ನು ಜೀನ್ಸ್ ರಾಜಧಾನಿ ಮಾಡುವ ಮಾತು ಜೋರಾಗಿ ಕೇಳಿಬಂತು. ವಾಷಿಂಗ್ ಘಟಕಗಳಿಗೆ ಬೇಕಾದ ನೀರು, ಅವು ಹೊರಬಿಡುವ ನೀಲಿ ನೀರು, ಎರಡೂ ಈ ಬರದ ಸೀಮೆಯಲ್ಲಿ ರಾಜಧಾನಿಗಿಂತ ಮೊದಲು ಬಗೆಹರಿಯಬೇಕಾದವು.

ಹೆಸರಿನ ಮಾತು ಇಲ್ಲೂ ಬಿಡುವುದಿಲ್ಲ. ಜೀನ್ಸ್ ಎಂಬ ಪದದಲ್ಲಿರುವುದು ಇಟಲಿಯ ಜೆನೋವಾ ಬಂದರು. ಡೆನಿಮ್ ಎಂಬುದರಲ್ಲಿ ಫ್ರಾನ್ಸಿನ ನೀಮ್ ಪಟ್ಟಣವಿದೆ ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. ನೀಲಿ ಬಣ್ಣದ ಹೆಸರು ಇಂಡಿಗೊ, ಅಂದರೆ ನಮ್ಮದೇ ದೇಶ. ಹತ್ತೊಂಬತ್ತನೆಯ ಶತಮಾನದಲ್ಲಿ ನೆರೆಯ ಕಡಪದ ನೀಲಿ ಹಡಗು ಹತ್ತುತ್ತಿತ್ತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದ ಮೇಲೆ ನಮ್ಮ ನೀಲಿ ಹೊಲಗಳು ಉಳಿಯಲಿಲ್ಲ. ಬಳ್ಳಾರಿಯಲ್ಲಿ ಹೊಲಿದ ಪ್ಯಾಂಟಿನ ಮೇಲೆ ಬಳ್ಳಾರಿ ಎಂಬ ಹೆಸರೊಂದನ್ನು ಬಿಟ್ಟು ಈ ಮೂರು ಹೆಸರೂ ಇವೆ.

ಹಿಂದೂಪುರದಲ್ಲಿ ಉಡುಗೆ ತೊಡುಗೆ ಎರಡೂ ಒಂದೇ ಊರಿನಲ್ಲಿ ಸಿಗುತ್ತವೆ. ಬೆಲ್ಲ, ಹುಣಸೆಹಣ್ಣಿನ ಮಂಡಿಗಳಿಗೆ ಹೆಸರಾದ ಊರು. ರೇಷ್ಮೆಗೂಡಿನ ಮಾರುಕಟ್ಟೆಯೂ ಇದೆ. ಬೆಳಗಿನ ಹೊತ್ತು ಗಾರ್ಮೆಂಟ್ಸ್‌ನ ಬಸ್ಸುಗಳು ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತವೆ. ಅವರು ದಿನವಿಡೀ ತೋಳೊಂದನ್ನೇ, ಇಲ್ಲವೇ ಕಾಲರೊಂದನ್ನೇ ಹೊಲಿಯುತ್ತಾರೆ. ಇಡೀ ಅಂಗಿ ಕಣ್ಣಿಗೆ ಬೀಳುವುದು ಪ್ಯಾಕಿಂಗ್‌ನವರಿಗೆ. ಅದೇ ಊರಿನ ಮುದಿರೆಡ್ಡಿಪಲ್ಲಿಯಲ್ಲಿ ರೇಷ್ಮೆ ಮಗ್ಗಗಳು.

ಅಲ್ಲಿ ನಾನು ಒಬ್ಬ ವಯಸ್ಸಾದ ಹೆಂಗಸು ಹಾಸು ಕೆಚ್ಚುವುದನ್ನು ಬಹಳ ಹೊತ್ತು ನೋಡಿದ್ದೇನೆ. ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಪ್ರತಿ ಎಳೆಯ ತುದಿಗೆ ಹೊಸ ಹಾಸಿನ ಎಳೆಯನ್ನು ಸೇರಿಸಬೇಕು. ಸಾವಿರಾರು ಎಳೆ. ಬೂದಿ ಮುಟ್ಟಿದ ಬೆರಳಲ್ಲಿ ಎರಡು ತುದಿ ಹಿಡಿದು ಒಂದೇ ಹೊಸೆತ, ಒಂದು ಮಡಿಕೆ, ಅಷ್ಟೇ. ಗಂಟು ಕಾಣುವುದಿಲ್ಲ, ಎಳೆದರೆ ಬಿಡುವುದೂ ಇಲ್ಲ. ಮಾತಾಡುತ್ತಲೇ ಮಾಡುತ್ತಿದ್ದರು, ಕಣ್ಣು ಎಳೆಯ ಮೇಲಿರಲೇ ಇಲ್ಲ. ಕೆಚ್ಚಿದ ಜಾಗ ಹಣಿಗೆ ದಾಟುವವರೆಗೆ ನೇಯ್ದದ್ದು ಯಾವ ಸೀರೆಗೂ ಸೇರುವುದಿಲ್ಲ, ಕತ್ತರಿಸಿ ತೆಗೆಯುತ್ತಾರೆ.

ಮಗ್ಗದ ಮೇಲಿದ್ದ ಸೀರೆಯ ಅಂಚಿನಲ್ಲಿ ಸುತ್ತು ಬಳ್ಳಿಯೊಂದಿತ್ತು, ಲೇಪಾಕ್ಷಿಯ ಕಂಬ ನೆನಪಾಗುವಂಥದು. "ಅಮ್ಮಾ, ಈ ಡಿಸೈನಿಗೆ ಏನಂತಾರೆ?" ಎಂದು ಕೇಳಿದೆ.

"ನಮಗೆ ನಂಬರು ಸಾಮಿ. ಹೆಸರು ಚಿಕ್ಕಪೇಟೇಲಿ ಇಡ್ತಾರೆ, ಅಂಗಡಿಯೋರು."

"ಏನು ಹೆಸರಿಟ್ಟರು ಅಂತ ಆಮೇಲೆ ಗೊತ್ತಾಗುತ್ತಾ?"

"ನಮ್ಮ ಹುಡುಗ ಫೋನಲ್ಲಿ ತೋರಿಸ್ತಾನೆ. ಒಂದೊಂದು ಸಲ ನಮ್ದು ಅಂತ ಅಂಚು ನೋಡಿ ಹೇಳ್ತೀನಿ, ಹೆಸರು ನೋಡಿ ಅಲ್ಲ."

ಜಕಾರ್ಡಿನ ಮೊದಲ ರಟ್ಟಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ನಂಬರಿತ್ತು. ರಟ್ಟು ತಿರುಗಿ ತಿರುಗಿ ಅದರ ಕೊನೆಯ ಅಂಕೆ ಅಳಿಸಿಹೋಗಿತ್ತು.